‘ಗಾಂಧಾರಿ’ ಹೆಸರಿನ ತಟ್ಟೆ

ಪ್ರಶ್ನೆ: ನಮ್ಮ ಅಜ್ಜನವರ ಟ್ರಂಕಿನಲ್ಲಿ ನಲವತ್ತರಷ್ಟು ಗ್ರಾಮಫೋನ್ ತಟ್ಟೆಗಳು ದೊರೆತಿವೆ. ಒಂದರ ಮೇಲೆ ಎಚ್‌ಎಂವಿ ಗುರುತೂ ‘ಗಾಂಧಾರಿ’ ಎಂಬ ಹೆಸರೂ ಇವೆ. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಎಲ್ಲವನ್ನೂ ಒಟ್ಟಿಗೆ ಕೊಳ್ಳುವೆನೆನ್ನುತ್ತಿದ್ದಾರೆ. ಇವುಗಳಿಗೆ ಬೆಲೆಯಿದೆಯೇ? ಧೂಳು ತೆಗೆಯುವುದು ಹೇಗೆ?
– ಓದುಗರೊಬ್ಬರು, ಗದಗ

ಉತ್ತರ: ಆ ವ್ಯಾಪಾರಿಗೆ ಕೆಲವು ದಿನ ಕಾಯಲು ಹೇಳಿರಿ. ಗಾಂಧಾರಿ ಎಂಬುದು ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹುಟ್ಟುಹೆಸರು. 1930ರ ದಶಕದಲ್ಲಿ ಅವರ ಆರಂಭದ ಮುದ್ರಿಕೆಗಳು ಆ ಹೆಸರಿನಲ್ಲಿಯೇ ಹೊರಬಂದವು. ಅವರದೆಂದು ನಾವೆಲ್ಲರೂ ಬಲ್ಲ ಗಡಸಾದ, ಗಂಭೀರವಾದ ಕಂಠವು ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದದ್ದು. ಅದಕ್ಕೂ ಹಿಂದಿನ ತೆಳುವಾದ, ಎತ್ತರದ ದನಿಯನ್ನು ಕೇಳಬೇಕೆಂದರೆ ಬದಿಗೆ ಮೂರು ನಿಮಿಷ ಚಿಲ್ಲರೆ ಹಾಡುವ ಇಂಥ ತಟ್ಟೆಗಳಿಗೇ ಮೊರೆಹೋಗಬೇಕು. ಆದುದರಿಂದ ಅದನ್ನು ಉಳಿದವುಗಳೊಡನೆ ಸೇರಿಸಿ ಮಾರುವುದು ನನಗೆ ಸರಿಕಾಣುವುದಿಲ್ಲ.

ಹಳೆಯದೆಂಬ ಒಂದೇ ಕಾರಣಕ್ಕೆ ತಟ್ಟೆಗೆ ಬೆಲೆ ಬರುವುದಿಲ್ಲ. ಸಾವಿರಗಟ್ಟಲೆ ಅಚ್ಚಾದ ಜನಪ್ರಿಯ ಚಿತ್ರಗೀತೆಗಳು ಅಗ್ಗವಾಗಿಯೇ ಸಿಗುತ್ತವೆ. ಕಡಿಮೆ ಪ್ರತಿಗಳು ಉಳಿದಿದ್ದು, ಕೇಳುವವರೂ ಇದ್ದು, ಗೆರೆಗಳು ಸವೆಯದೆ, ಅಂಚಿನಿಂದ ಒಳಕ್ಕೆ ಬಿರುಕು ಬಿಡದೆ ಇದ್ದರೆ ಮಾತ್ರ ಸಂಗ್ರಾಹಕರು ಒಳ್ಳೆಯ ಹಣ ಕೊಡುತ್ತಾರೆ.

ಧೂಳು ತೆಗೆಯಲು ಸ್ಪಿರಿಟನ್ನು ಎಂದಿಗೂ ಬಳಸಬೇಡಿರಿ. ನಿಮಿಷಕ್ಕೆ 78 ಸುತ್ತು ತಿರುಗುವ ಇಂಥ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿ ಬೆರೆಸಿ ಮಾಡುತ್ತಿದ್ದರು. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಬಟ್ಟಿಯಿಳಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ನಡುವಿನ ಚೀಟಿ ನೆನೆಯದಂತೆ, ಗೆರೆಗಳ ಜಾಡಿನಲ್ಲಿಯೇ ಒರೆಸಿ, ನೆರಳಿನಲ್ಲಿ ಆರಿಸಿ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ ಇಡಿರಿ.

ಕೀಲಿ ಕೊಡುವ ಹಳೆಯ ಗ್ರಾಮಫೋನಿನಲ್ಲಿ ‘ಗಾಂಧಾರಿ’ ತಟ್ಟೆಯನ್ನು ನುಡಿಸಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅದರ ಭಾರವಾದ ಉಕ್ಕಿನ ಮುಳ್ಳು ಪ್ರತಿ ಸಲವೂ ಗೆರೆಯನ್ನು ಒಂದಿಷ್ಟು ಕೆರೆದುಹಾಕುತ್ತದೆ. 78ರ ವೇಗವಿರುವ ವಿದ್ಯುತ್ ಪ್ಲೇಯರಿನಲ್ಲಿ, ಈ ತಟ್ಟೆಗಳಿಗೆಂದೇ ಮಾಡಿದ ಅಗಲ ಮುಳ್ಳನ್ನು ಹಾಕಿಸಿ, ಒಮ್ಮೆ ನುಡಿಸುವಾಗಲೇ ಕಂಪ್ಯೂಟರಿಗೆ ಮುದ್ರಿಸಿಕೊಳ್ಳಿರಿ. ಎಲ್‌ಪಿಯ, ಎಂದರೆ ಆಮೇಲೆ ಬಂದ ದೀರ್ಘಾವಧಿ ತಟ್ಟೆಯ, ಸಣ್ಣ ಮುಳ್ಳು ಗೆರೆಯ ತಳಕ್ಕೆ ಇಳಿದು ಬರೀ ಗೊರಗೊರ ಸದ್ದನ್ನೇ ಎತ್ತುತ್ತದೆ. ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಗಳಷ್ಟೇ ಇರುವುದರಿಂದ, 1930ರ ದಶಕದ ಈ ಮುದ್ರಣದ ಹಕ್ಕು ಎಂದೋ ಮುಗಿದಿದೆ; ಹೀಗೆ ಮುದ್ರಿಸಿಕೊಳ್ಳಲು ಅದು ಅಡ್ಡಿಯಾಗದು.

ಮಾರುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ಆಮೇಲೆ ತೀರ್ಮಾನಿಸಬಹುದು. ಈಗ ಎರಡೂ ಬದಿಯ ಚೀಟಿಗಳ ಮೇಲಿನ ರಾಗ, ಚೀಜಿನ (ಹಾಡಿದ ರಚನೆಯ) ಮೊದಲ ಸಾಲು, ತಟ್ಟೆಯ ಸಂಖ್ಯೆ, ಮತ್ತು ಚೀಟಿಯ ಸುತ್ತ ಅರಗಿನಲ್ಲಿಯೇ ಒತ್ತಿರುವ ಸಣ್ಣ ಅಂಕಿಗಳನ್ನು ಬರೆದು ನಮಗೆ ಕಳುಹಿಸಿರಿ.