ತಪ್ಪು ಅವರದು, ಡಿಡಕ್ಟಬಲ್ ಕಟ್ಟಿದ್ದು ನೀವು: ವಾಪಸ್ ಸಿಗುತ್ತಾ?

ನಿಂತಿದ್ದ ನಿಮ್ಮ ಕಾರಿಗೆ ಹಿಂದಿನವರು ಗುದ್ದಿದ್ದಾರೆ. ರಿಪೇರಿ ನಿಮ್ಮ ಇನ್ಶೂರೆನ್ಸ್‌ನಲ್ಲೇ ಆಗಿದೆ, ಆದರೆ ಡಿಡಕ್ಟಬಲ್, ಅಂದರೆ ರಿಪೇರಿ ಖರ್ಚಿನಲ್ಲಿ ನೀವೇ ಕಟ್ಟಬೇಕಾದ ಪಾಲು, ನಿಮ್ಮ ಕೈಯಿಂದ ಹೋಗಿದೆ. ಅದು ವಾಪಸ್ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುವ ಸಾಧ್ಯತೆ ಇದೆ, ಬಿಟ್ಟುಕೊಡಬೇಡಿ.

ನಿಮಗೆ ದುಡ್ಡು ಕೊಟ್ಟ ಕಂಪನಿ ಸಾಮಾನ್ಯವಾಗಿ ಅದನ್ನು ಗುದ್ದಿದವರ ಇನ್ಶೂರೆನ್ಸ್‌ನಿಂದ ವಸೂಲಿ ಮಾಡಲು ನೋಡುತ್ತದೆ. ಇದಕ್ಕೆ ಸಬ್ರೊಗೇಶನ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ನಿಮ್ಮ ಡಿಡಕ್ಟಬಲ್ ಕೂಡ ಸೇರಿದೆಯಾ? ಮೊದಲು ನಿಮ್ಮ ಕಂಪನಿಯನ್ನು ಇದನ್ನೇ ಕೇಳಿ. ಫೋನಲ್ಲಿ ಬೇಡ, ಕ್ಲೇಮ್ ನಂಬರ್ ಹಾಕಿ ಇಮೇಲ್ ಮಾಡಿ. ಸೇರಿಸಿಲ್ಲ ಅಂದರೆ ರಿಪೇರಿ ಬಿಲ್, ಡಿಡಕ್ಟಬಲ್ ಕಟ್ಟಿದ ರಸೀದಿ, ಪೊಲೀಸ್ ವರದಿ, ಫೋಟೋ ಎಲ್ಲ ಇಟ್ಟು ಗುದ್ದಿದವರ ಇನ್ಶೂರೆನ್ಸ್ ಕಂಪನಿಗೇ ನೇರವಾಗಿ ಬರೆಯಿರಿ. ನಿಮ್ಮ ಮೇಲೂ ಸ್ವಲ್ಪ ತಪ್ಪು ಹೊರಿಸಿದರೆ ಅಷ್ಟು ಪಾಲು ಕಡಿಮೆ ಸಿಗಬಹುದು. ನಿಂತ ಕಾರಲ್ವಾ, ಅದಕ್ಕೆ ಸುಮ್ನೆ ಒಪ್ಪಬೇಡಿ.

ನನಗೆ ಜಾಸ್ತಿ ಚಿಂತೆ ಇರುವುದು ಇನ್ನೊಂದರ ಬಗ್ಗೆ. ಗುದ್ದಿದವರು ‘ಇಷ್ಟು ತಗೊಳ್ಳಿ, ಇಲ್ಲಿಗೆ ಮುಗಿಸೋಣ’ ಅಂತ ಕಾಗದ ಮುಂದಿಟ್ಟರೆ, ನಿಮ್ಮ ಕಂಪನಿಯನ್ನು ಕೇಳದೆ ಸಹಿ ಹಾಕಬೇಡಿ. ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಒಂದು ಸಾಲು ಸಾಕು, ವಸೂಲಿಯ ದಾರಿಯೇ ಮುಚ್ಚಿಹೋಗಬಹುದು.

ಇದೆಲ್ಲ ತಿಂಗಳುಗಟ್ಟಲೆ ಎಳೆಯಬಹುದು. ಕೋರ್ಟಿಗೆ ಹೋಗಲು ಕಾಲಮಿತಿ ಇರುತ್ತದೆ, ಅದು ಯಾವಾಗ ಮುಗಿಯುತ್ತದೆ ಅಂತ ಈಗಲೇ ತಿಳಿದುಕೊಳ್ಳಿ.