ಬೆಂಗಳೂರಲ್ಲಿ ಸೈಕಲ್ ತುಳಿಯುವಾಗ ಫೋನ್ ನೋಡದೆ ದಾರಿ ಹಿಡಿಯೋದು ಹೇಗೆ?

ಹಳೇ ಬಡಾವಣೆಗಳಲ್ಲಾದರೆ ಕ್ರಾಸ್ ನಂಬರ್ ನೋಡಿಕೊಂಡು ಹೋಗಿ. ಮೇನ್ ರಸ್ತೆಗಳು ಅಕ್ಕಪಕ್ಕ ಉದ್ದಕ್ಕೆ ಸಾಗುತ್ತವೆ, ಕ್ರಾಸ್‌ಗಳು ಅವನ್ನು ಅಡ್ಡ ದಾಟುತ್ತವೆ, ನಂಬರ್ ಸಾಲಾಗಿ ಏರುತ್ತದೆ. ಎರಡು ಬೋರ್ಡ್ ಓದಿದರೆ ನಿಮ್ಮ ದಿಕ್ಕು ಗೊತ್ತಾಯಿತು. ಮಲ್ಲೇಶ್ವರದಲ್ಲಿ 8ನೇ ಕ್ರಾಸ್ ಆದಮೇಲೆ 9 ಬಂದರೆ ನೀವು ಉತ್ತರಕ್ಕೆ, 18ನೇ ಕ್ರಾಸ್ ಕಡೆಗೆ ಹೊರಟಿದ್ದೀರಿ.

ಸೈಕಲ್‌ನವರಿಗೆ ಇದರಲ್ಲಿ ದೊಡ್ಡ ಅನುಕೂಲ ಇದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಗಾಡಿ ಜಾಸ್ತಿ ಅನ್ನಿಸಿದರೆ ಪಕ್ಕದ ಸಣ್ಣ ಮೇನ್‌ಗೆ ತಿರುಗಿ. ಮರದ ನೆರಳೂ ಸಿಗಬಹುದು, ದಾರಿಯೂ ತಪ್ಪುವುದಿಲ್ಲ.

ಆದರೆ ಬಡಾವಣೆ ಬದಲಾದರೆ ಎಣಿಕೆಯೂ ಬದಲಾಗುತ್ತದೆ. ಜಯನಗರಕ್ಕೆ ಹೋಗೋದಾದರೆ ಬ್ಲಾಕ್ ಯಾವುದು ಅಂತ ಮೊದಲೇ ಕೇಳಿಕೊಳ್ಳಿ, ಸುಮ್ನೆ ‘5ನೇ ಮೇನ್’ ಅಂದರೆ ಸಾಲದು.