ಸಣ್ಣ ವರ್ಕ್‌ಶಾಪಿಗೆ 2 ಎಚ್‌ಪಿ, 220 ಲೀಟರಿನ ಕಂಪ್ರೆಸರ್ ಒಳ್ಳೆಯದೋ, 3 ಎಚ್‌ಪಿ, 100 ಲೀಟರಿನದೋ?

ನೀವು ಕೊಳ್ಳಬೇಕೆಂದಿರುವ 2 ಎಚ್‌ಪಿ ಮೋಟರಿನ, 220 ಲೀಟರ್ ಟ್ಯಾಂಕಿನ ಕಂಪ್ರೆಸರ್ ಹೆಚ್ಚುಕಡಿಮೆ ಅದೇ ರೂಪದಲ್ಲಿ ನನ್ನ ವರ್ಕ್‌ಶಾಪಿನ ಮೂಲೆಯಲ್ಲಿ ಒಂದೂವರೆ ವರ್ಷ ನಿಂತಿತ್ತು. ನಾನು ಮಾಡುತ್ತಿದ್ದದ್ದೂ ನಿಮ್ಮದೇ ಕೆಲಸ: ಕಬ್ಬಿಣದ ಕಪಾಟು, ಬಾಗಿಲುಗಳಿಗೆ ಪುಟ್ಟಿ ಹಾಕುವುದು, ಗಾಳಿಯ ಸ್ಯಾಂಡರಿನಿಂದ ತಿಕ್ಕುವುದು, ಪ್ರೈಮರ್ ಮತ್ತು ಬಣ್ಣ ಹೊಡೆಯುವುದು. ‘ಮೋಟರ್ ಚಿಕ್ಕದಾದರೂ ಟ್ಯಾಂಕ್ ದೊಡ್ಡದಿದ್ದರೆ ಗಾಳಿಗೆ ಕೊರತೆಯಾಗಲಾರದು ಅಲ್ಲವೇ’ ಎಂದು ನೀವು ಬರೆದಿರುವ ಸಾಲನ್ನು ನಾನು ಅಕ್ಷರಶಃ ಮಾರುವವನ ಎದುರು ಆಡಿದ್ದೆ. ಅವನು ತಲೆಯಾಡಿಸಿದ. ಅವನ ಅಂಗಡಿಯಲ್ಲಿ ಆ ದಿನ ಉಳಿದಿದ್ದದ್ದು ಅದೊಂದೇ ಕಂಪ್ರೆಸರ್ ಎಂಬುದು ನನಗೆ ಆಮೇಲೆ ತಿಳಿಯಿತು.

ಮೊದಲ ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು, ಏಕೆಂದರೆ ಆಗ ನನ್ನ ಬಳಿ ಇದ್ದದ್ದು ಸ್ಪ್ರೇ ಗನ್ ಮತ್ತು ದೂಳು ಊದುವ ಗನ್ ಮಾತ್ರ. ಸ್ಯಾಂಡರ್ ಬಂದ ಮೇಲೆ ಕಂಪ್ರೆಸರ್ ನಿಲ್ಲುವುದನ್ನೇ ಮರೆಯಿತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಊಟದ ಹೊತ್ತಿನವರೆಗೂ ಅದೇ ಸದ್ದು. ಆ ಸದ್ದನ್ನು ನಾನು ದುಡಿಮೆಯ ಲಕ್ಷಣವೆಂದು ತಿಳಿದುಕೊಂಡೆ. ಯಂತ್ರ ತನ್ನ ಕೈಲಾಗದ ಭಾರವನ್ನು ಹೊರುತ್ತಿದೆಯೆಂದು ನನಗೆ ಹೊಳೆಯಲೇ ಇಲ್ಲ.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರಪಡಬೇಡಿ. ಕಂಪ್ರೆಸರಿನ ತಗಡಿನ ಮೇಲೆ 8 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 8 ಘನ ಅಡಿ ಎಂದು ಬರೆದಿತ್ತು. ಅದು ಪಿಸ್ಟನ್ ಒಂದು ನಿಮಿಷದಲ್ಲಿ ಸಿಲಿಂಡರಿನೊಳಗೆ ಓಡಾಡುವ ಜಾಗದ ಲೆಕ್ಕವೇ ಹೊರತು ಟ್ಯಾಂಕಿಗೆ ನಿಜವಾಗಿ ತಲುಪುವ ಗಾಳಿಯ ಲೆಕ್ಕವಲ್ಲ. ತಲುಪುವ ಗಾಳಿಯನ್ನು ಎಫ್‌ಎಡಿ ಎನ್ನುತ್ತಾರೆ, ಮತ್ತು ಅದು ಯಾವಾಗಲೂ ಕಡಿಮೆಯೇ ಇರುತ್ತದೆ. ನಾನು ಬಹಳ ತಡವಾಗಿ ಅಳೆದು ನೋಡಿದಾಗ ಸಿಕ್ಕಿದ್ದು 5.5 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಸುಮಾರು 155 ಲೀಟರ್. ನನ್ನ ಸ್ಯಾಂಡರ್ ಕುಡಿಯುತ್ತಿದ್ದದ್ದು 11 ಸಿಎಫ್‌ಎಂ, ಸುಮಾರು 310 ಲೀಟರ್. ಬರುವುದರ ಎರಡರಷ್ಟು ಹೋಗುತ್ತಿರುವಾಗ ನಡುವೆ ಎಷ್ಟು ದೊಡ್ಡ ಹಂಡೆ ಇಟ್ಟರೇನು?

ಈಗ ಟ್ಯಾಂಕಿನ ಲೆಕ್ಕ. ಬಾರ್ ಎಂಬುದು ಒತ್ತಡದ ಅಳತೆ, ಒಂದು ಬಾರ್ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. ನನ್ನ ಪ್ರೆಷರ್ ಸ್ವಿಚ್ 8 ಬಾರ್‌ಗೆ ಮೋಟರನ್ನು ನಿಲ್ಲಿಸಿ, 6 ಬಾರ್‌ಗೆ ಮತ್ತೆ ಚಾಲೂ ಮಾಡುತ್ತಿತ್ತು, ಮತ್ತು 5.5 ಬಾರ್‌ಗಿಂತ ಕೆಳಗೆ ಸ್ಯಾಂಡರ್ ಸೊರಗುತ್ತಿತ್ತು. 220 ಲೀಟರ್ ಟ್ಯಾಂಕ್ 8ರಿಂದ 6 ಬಾರ್‌ಗೆ ಇಳಿಯುವಾಗ ಹೊರಗೆ ಬರುವ ಗಾಳಿ 440 ಲೀಟರ್, ಅದು ಸ್ಯಾಂಡರಿಗೆ ಒಂದು ನಿಮಿಷ 25 ಸೆಕೆಂಡು ಸಾಕು. ಅಲ್ಲಿಂದ ಮೋಟರ್ ಓಡಲು ಶುರುವಾದರೂ ಅರ್ಧ ಬಾರ್ ಇಳಿಯಲು ಮತ್ತೆ ಮುಕ್ಕಾಲು ನಿಮಿಷವೂ ಬೇಕಾಗದು. ಒಟ್ಟು ಎರಡು ನಿಮಿಷದ ಕೆಲಸ. ಅದಾದ ಮೇಲೆ ಸ್ಯಾಂಡರನ್ನು ಕೆಳಗಿಟ್ಟು, ಟ್ಯಾಂಕ್ ಮತ್ತೆ 8 ಬಾರ್ ಮುಟ್ಟಲು ಮೂರೂವರೆ ನಿಮಿಷ ಕೈಕಟ್ಟಿ ಕೂರಬೇಕು. ಇದೇ ಪಂಪಿಗೆ 100 ಲೀಟರ್ ಟ್ಯಾಂಕ್ ಇದ್ದಿದ್ದರೆ ಒಂದು ನಿಮಿಷ ಕೆಲಸ, ಒಂದೂ ಮುಕ್ಕಾಲು ನಿಮಿಷಕ್ಕಿಂತ ಕಡಿಮೆ ಕಾಯುವಿಕೆ. ಗಮನಿಸಿ, ಕೆಲಸಕ್ಕೂ ಕಾಯುವುದಕ್ಕೂ ಇರುವ ಅನುಪಾತ ಎರಡರಲ್ಲೂ ಒಂದೇ. ದೊಡ್ಡ ಟ್ಯಾಂಕಿಗೆಂದು ನಾನು ಹೆಚ್ಚಿಗೆ ಕೊಟ್ಟ ಹಣದಿಂದ ಗಳಿಸಿದ್ದು ಒಂದು ಸುತ್ತಿನಲ್ಲಿ ಒಂದು ನಿಮಿಷ, ಅದಕ್ಕೆ ತಕ್ಕಂತೆ ಉದ್ದವಾದ ಕಾಯುವಿಕೆ.

ಮೂರೂವರೆ ನಿಮಿಷ ಯಾರು ಕಾಯುತ್ತಾರೆ? ನಾನಂತೂ ಕಾಯಲಿಲ್ಲ. ಗೇಜಿನ ಮುಳ್ಳು 4ಕ್ಕೆ ಇಳಿದರೂ ತಿಕ್ಕುತ್ತಲೇ ಇದ್ದೆ, ಹೀಗಾಗಿ ಪಂಪಿಗೆ ಬಿಡುವೇ ಸಿಗಲಿಲ್ಲ. ಗಾಳಿಯಿಂದಲೇ ತಣಿಯುವ ಈ ಸಣ್ಣ ಪಿಸ್ಟನ್ ಪಂಪುಗಳನ್ನು ಸಾಮಾನ್ಯವಾಗಿ ನೂರರಲ್ಲಿ 50–60 ಪಾಲು ಹೊತ್ತು ಓಡಿ, ಉಳಿದ ಹೊತ್ತು ತಣ್ಣಗಾಗಲಿ ಎಂದು ಮಾಡಿರುತ್ತಾರೆ. ಬಿಡುವಿಲ್ಲದೆ ಓಡಿದರೆ ಹೆಡ್ಡಿನಿಂದ ಹೊರಡುವ ಗಾಳಿಯ ಬಿಸಿ ಸುಲಭವಾಗಿ 150 ಡಿಗ್ರಿ ದಾಟುತ್ತದೆ. ಆ ಬಿಸಿಗೆ ಸಿಲಿಂಡರಿನಿಂದ ಮೇಲೆ ಬಂದ ಆಯಿಲ್ ಸುಟ್ಟು ವಾಲ್ವ್ ಪ್ಲೇಟಿನ ಮೇಲೆ ಕರಿಯಾಗಿ ಕೂರುತ್ತದೆ, ಕರಿ ಕೂತ ವಾಲ್ವ್ ಸರಿಯಾಗಿ ಮುಚ್ಚದೆ ಒತ್ತಿದ ಗಾಳಿ ಹಿಂದಕ್ಕೇ ಬರುತ್ತದೆ, ಅದರಿಂದ ಟ್ಯಾಂಕಿಗೆ ಹೋಗುವ ಗಾಳಿ ಇನ್ನಷ್ಟು ಕಡಿಮೆಯಾಗಿ ಪಂಪು ಇನ್ನಷ್ಟು ಹೊತ್ತು ಓಡಿ ಇನ್ನಷ್ಟು ಬಿಸಿಯಾಗುತ್ತದೆ. ನಾನು ಅಳೆದ 5.5 ಸಿಎಫ್‌ಎಂನಲ್ಲಿ ಈ ಕರಿಯ ಪಾಲೂ ಇದ್ದಿರಬೇಕು.

ಇದರ ಪೂರ್ತಿ ಬೆಲೆ ತೆತ್ತದ್ದು ಮಾತ್ರ ಬಣ್ಣದಲ್ಲಿ. ಒಂದೇ ಗಿರಾಕಿಯ ಹದಿನಾಲ್ಕು ಬಾಗಿಲುಗಳಿಗೆ ಕೊನೆಯ ಕೋಟ್ ಹೊಡೆಯುತ್ತಿದ್ದೆ. ಬೆಳಗಿನಿಂದ ಸ್ಯಾಂಡರ್ ಓಡಿಸಿದ್ದರಿಂದ ಟ್ಯಾಂಕನ್ನು ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿಯಾಗಿತ್ತು. ಐದನೆಯ ಬಾಗಿಲಿನ ಮೇಲೆ ಮೀನಿನ ಕಣ್ಣಿನಂಥ ಸಣ್ಣ ಗುಳಿಗಳು ಎದ್ದವು. ಒರೆಸಿ ಮತ್ತೆ ಹೊಡೆದೆ. ಏಳನೆಯದರ ಮೇಲೆ ಗನ್ನಿನಿಂದ ನೀರಿನ ಹನಿಯೇ ಬಿತ್ತು. ನನ್ನ ಬಳಿ ವಾಟರ್ ಸೆಪರೇಟರ್ ಇರಲಿಲ್ಲವೆಂದು ತಿಳಿಯಬೇಡಿ. ಇತ್ತು, ಕಂಪ್ರೆಸರಿಗೆ ಒತ್ತಿಕೊಂಡೇ ಇತ್ತು. ಸೆಪರೇಟರ್ ಹಿಡಿಯಬಲ್ಲದ್ದು ಹನಿಯನ್ನು ಮಾತ್ರ, ಬಿಸಿ ಗಾಳಿಯಲ್ಲಿರುವ ಆವಿ ಅದರ ಮೂಲಕ ನಿರಾತಂಕವಾಗಿ ದಾಟಿ, ಮುಂದೆ ಹೋಸಿನಲ್ಲಿ ತಣಿದು ಹನಿಯಾಗುತ್ತದೆ. ಹದಿನಾಲ್ಕೂ ಬಾಗಿಲುಗಳನ್ನು ತಗಡಿನವರೆಗೆ ತಿಕ್ಕಿ ಮೊದಲಿನಿಂದ ಬಣ್ಣ ಮಾಡಬೇಕಾಯಿತು, ಅದೂ ಅದೇ ಕಂಪ್ರೆಸರಿನಲ್ಲಿ. ಆ ವಾರದ ಕೊನೆಗೆ ವಾಲ್ವ್ ಮುರಿದು ಪಂಪು ನಿಂತಿತು. ಬಾಗಿಲು ತಡವಾಗಿ ತಲುಪಿದ ಗಿರಾಕಿ ಮತ್ತೆ ನನ್ನ ಕಡೆಗೆ ಬರಲಿಲ್ಲ. ಅವರನ್ನು ದೂರುವಂತಿಲ್ಲ.

ಆದ್ದರಿಂದ ಎರಡರಲ್ಲಿ ಯಾವುದು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಾಳಿಯ ಸ್ಯಾಂಡರನ್ನು ದಿನವೂ ಗಂಟೆಗಟ್ಟಲೆ ಓಡಿಸುವುದಾದರೆ ಎರಡೂ ನಿಮಗೆ ಸಾಲವು. 11 ಸಿಎಫ್‌ಎಂ ಕುಡಿಯುವ ಉಪಕರಣಕ್ಕೆ 15–16 ಸಿಎಫ್‌ಎಂ ಎಫ್‌ಎಡಿ ಇದ್ದರೆ ಪಂಪಿಗೆ ಉಸಿರಾಡಲು ಬಿಡುವು ಸಿಗುತ್ತದೆ, ಮತ್ತು ಒಂದು ಎಚ್‌ಪಿಗೆ ಮೂರೂವರೆ ಸಿಎಫ್‌ಎಂ ಎಂದು ಹಿಡಿದರೂ ಅದು 5 ಎಚ್‌ಪಿಯ ಯಂತ್ರ. ಅದಕ್ಕೆ ಹೋಗುವ ಮೊದಲು ಸ್ಯಾಂಡರನ್ನೇ ಕರೆಂಟಿನದಕ್ಕೆ ಬದಲಾಯಿಸಿ. ಮೋಟರಿಗೆ ಕೊಟ್ಟ ವಿದ್ಯುತ್ತಿನಲ್ಲಿ ಗಾಳಿಯ ಉಪಕರಣದ ತುದಿಗೆ ಕೆಲಸವಾಗಿ ತಲುಪುವುದು ನೂರಕ್ಕೆ 10–15 ಪಾಲು ಮಾತ್ರ, ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಗಾಳಿಯಿಂದಲೇ ಆಗಬೇಕಾದ ಕೆಲಸಕ್ಕೆ, ಅಂದರೆ ಬಣ್ಣಕ್ಕೆ, ಊದುವುದಕ್ಕೆ, ಮೊಳೆ ಹೊಡೆಯುವುದಕ್ಕೆ ಮಾತ್ರ ಗಾಳಿಯನ್ನು ಇಟ್ಟುಕೊಳ್ಳಿ. ನಾನು ಈಗ ಮಾಡಿರುವುದು ಅದನ್ನೇ: ಕರೆಂಟಿನ ಸ್ಯಾಂಡರ್, 7 ಸಿಎಫ್‌ಎಂ ಕೇಳುವ ಸ್ಪ್ರೇ ಗನ್, ಅಳೆದರೆ 10 ಸಿಎಫ್‌ಎಂ ಕೊಡುವ 3 ಎಚ್‌ಪಿ ಕಂಪ್ರೆಸರ್, 100 ಲೀಟರ್ ಟ್ಯಾಂಕ್. ಕಂಪ್ರೆಸರ್ ದಿನದ ಬಹುಪಾಲು ಸುಮ್ಮನಿರುತ್ತದೆ.

ಅಳೆದರೆ ಎಂದೆನಲ್ಲ, ಅದಕ್ಕೆ ಗಡಿಯಾರವೊಂದಿದ್ದರೆ ಸಾಕು. ಟ್ಯಾಂಕಿನಿಂದ ಹೊರಗೆ ಹೋಗುವ ವಾಲ್ವನ್ನು ಮುಚ್ಚಿ, ಮುಳ್ಳು 5 ಬಾರ್‌ನಿಂದ 8 ಬಾರ್‌ಗೆ ಏರಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ. ಟ್ಯಾಂಕಿನ ಲೀಟರನ್ನು ಏರಿದ ಬಾರ್‌ಗಳಿಂದ ಗುಣಿಸಿ, ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಸಿಗುತ್ತದೆ, ಅದನ್ನು 28.3ರಿಂದ ಭಾಗಿಸಿದರೆ ಸಿಎಫ್‌ಎಂ. ನನ್ನ ಹಳೆಯದಕ್ಕೆ 220 ಲೀಟರ್, 3 ಬಾರ್, ನಾಲ್ಕೂ ಕಾಲು ನಿಮಿಷ. ಅಂಗಡಿಯಲ್ಲೇ ಹೀಗೆ ಅಳೆಯಲು ಬಿಡದವರ ಬಳಿ ಕೊಳ್ಳಬೇಡಿ. ಕೊಂಡ ಮೇಲೂ ಮೊದಲ ವಾರದ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟು ಆರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ, ವಾಲ್ವ್ ಅಥವಾ ಏರ್ ಫಿಲ್ಟರ್ ಕೆಡುತ್ತಿರುವುದನ್ನು ಇದಕ್ಕಿಂತ ಮೊದಲೇ ಹೇಳುವ ಬೇರೆ ಉಪಾಯ ನನಗೆ ಸಿಕ್ಕಿಲ್ಲ.

ಟ್ಯಾಂಕಿನ ನೀರನ್ನು ದಿನವೂ ಬಿಡಬೇಕೇ ಎಂದು ಕೇಳಿದ್ದೀರಿ. ಬಿಡಲೇಬೇಕು. 30 ಡಿಗ್ರಿ ಸೆಕೆಯಲ್ಲಿ, ತೇವಾಂಶ ನೂರಕ್ಕೆ 75 ಇರುವಾಗ, ಒಂದು ಘನ ಮೀಟರ್ ಗಾಳಿಯಲ್ಲಿ 22 ಗ್ರಾಮಿಗೂ ಮಿಕ್ಕಿ ನೀರಿರುತ್ತದೆ. ಅದನ್ನು ಎಂಟನೆಯ ಒಂದು ಪಾಲಿಗೆ ಒತ್ತಿ ತಣಿಸಿದರೆ ಹೆಚ್ಚಿನ ನೀರು ಬಿಟ್ಟುಹೋಗುತ್ತದೆ. ನನ್ನ ಹಳೆಯ ಪಂಪಿನ ಲೆಕ್ಕದಲ್ಲಿ ಎಂಟು ಗಂಟೆಗೆ ಸುಮಾರು 1.4 ಲೀಟರ್. ಅದು ಟ್ಯಾಂಕಿನ ತಳದಲ್ಲಿರಬೇಕು, ಇಲ್ಲವೇ ನಿಮ್ಮ ಬಣ್ಣದಲ್ಲಿರಬೇಕು. ಸಂಜೆ ಕೆಲಸ ಮುಗಿದ ಮೇಲೆ ಒಂದೆರಡು ಬಾರ್ ಒತ್ತಡ ಉಳಿದಿರುವಾಗ ಡ್ರೈನ್ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಸೆಪರೇಟರನ್ನು ಗನ್ನಿನ ಹತ್ತಿರ, ಏಳೆಂಟು ಮೀಟರ್ ಲೋಹದ ಪೈಪಿನ ಆಚೆ ಕೂರಿಸಿ, ಅಷ್ಟರಲ್ಲಿ ಗಾಳಿ ತಣಿದಿರುತ್ತದೆ. ಪೈಪಿಗೆ ಸ್ವಲ್ಪ ಇಳಿಜಾರಿರಲಿ, ಕವಲುಗಳನ್ನು ಪೈಪಿನ ಮೇಲ್ಭಾಗದಿಂದ ತೆಗೆಯಿರಿ. ನೀರಿನ ಪಿವಿಸಿ ಪೈಪನ್ನು ಗಾಳಿಗೆ ಬಳಸಬೇಡಿ, ಅದು ಸಿಡಿದರೆ ಚೂರುಗಳು ಚಾಕುವಿನಂತೆ ಹಾರುತ್ತವೆ.

ಉಳಿದದ್ದು ಚುಟುಕಾಗಿ ಹೇಳಿ ಮುಗಿಸಬಹುದು. ಎಂಜಿನ್ ಆಯಿಲ್ ಹಾಕಬೇಡಿ, ಕಂಪ್ರೆಸರ್ ಆಯಿಲ್ ಎಂದೇ ಸಿಗುತ್ತದೆ; ಹೊಸ ಯಂತ್ರದ ಮೊದಲ ಆಯಿಲನ್ನು ಕೈಪಿಡಿ ಹೇಳಿದ ಗಂಟೆಗಿಂತ ತಡಮಾಡದೆ ಬದಲಾಯಿಸಿ, ಗಾಜಿನ ಕಿಂಡಿಯಲ್ಲಿ ಆಯಿಲ್ ಹಾಲಿನಂತೆ ಬೆಳ್ಳಗೆ ಕಂಡರೆ ಅದರಲ್ಲಿ ನೀರು ಸೇರಿದೆಯೆಂದು ತಿಳಿಯಿರಿ. ಮೋಟರ್ ನಿಂತ ಮೇಲೂ ಪ್ರೆಷರ್ ಸ್ವಿಚ್ಚಿನ ಕೆಳಗೆ ‘ಸುಸ್’ ಎಂದು ಸೋರುತ್ತಲೇ ಇದ್ದರೆ ಸ್ವಿಚ್ಚನ್ನು ಬೈಯಬೇಡಿ, ಅನೇಕ ಸಲ ಕೆಟ್ಟಿರುವುದು ಟ್ಯಾಂಕಿನ ಬಾಯಲ್ಲಿದ್ದು ಗಾಳಿಯನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್. ಪಂಪನ್ನು ತಣಿಸುವುದು ದೊಡ್ಡ ಚಕ್ರದ ಕಡ್ಡಿಗಳು ಬೀಸುವ ಗಾಳಿ, ಆದ್ದರಿಂದ ಬೆಲ್ಟಿನ ಬದಿಯನ್ನು ಗೋಡೆಗೆ ತಾಗಿಸದೆ ಒಂದೆರಡು ಅಡಿ ಬಿಡಿ, ಮತ್ತು ಸದ್ದು ತಾಳಲಾರದೆ ಅದನ್ನು ಪೆಟ್ಟಿಗೆಯೊಳಗೆ ಮುಚ್ಚಿಡಬೇಡಿ. ಕೀಲುಗಳಿಗೆಲ್ಲ ತಿಂಗಳಿಗೊಮ್ಮೆ ಸೋಪಿನ ನೀರು ಬಳಿದು ನೋಡಿ. 7 ಬಾರ್ ಒತ್ತಡದಲ್ಲಿ ಒಂದು ಮಿಲಿಮೀಟರ್ ತೂತಿನಿಂದ ನಿಮಿಷಕ್ಕೆ 60 ಲೀಟರಿನಷ್ಟು ಗಾಳಿ ಹೋಗುತ್ತದೆ, ನನ್ನ ಹಳೆಯ ಪಂಪಿನ ದುಡಿಮೆಯಲ್ಲಿ ಅದು ಮೂರನೆಯ ಒಂದು ಪಾಲಿಗಿಂತ ಹೆಚ್ಚು.

ಕೊನೆಯದಾಗಿ, ಹಣ ಉಳಿಸಲು ಹಳೆಯದನ್ನು ಕೊಳ್ಳುವ ಯೋಚನೆಯೂ ಇದೆಯೆಂದು ಬರೆದಿದ್ದೀರಿ. ಪಂಪು ಹಳೆಯದಾದರೆ ಚಿಂತೆಯಿಲ್ಲ, ವಾಲ್ವ್, ರಿಂಗ್ ಎಲ್ಲವನ್ನೂ ಬದಲಾಯಿಸಬಹುದು. ಟ್ಯಾಂಕ್ ಹಾಗಲ್ಲ, ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ ಮತ್ತು ಹೊರಗಿನ ಹೊಸ ಬಣ್ಣ ನಿಮಗೆ ಏನನ್ನೂ ಹೇಳುವುದಿಲ್ಲ. ಸೇಫ್ಟಿ ವಾಲ್ವಿನ ಉಂಗುರವನ್ನು ಎಳೆದಾಗ ಗಾಳಿ ಬಿಟ್ಟು ಮತ್ತೆ ಸರಿಯಾಗಿ ಮುಚ್ಚಿಕೊಳ್ಳಬೇಕು. ಟ್ಯಾಂಕನ್ನು ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷಿಸಿದ ದಾಖಲೆಯನ್ನು ಕೇಳಿ. ಸೋರುವಲ್ಲಿ ವೆಲ್ಡಿಂಗ್ ಮಾಡಿಸಿ ಕೊಡುತ್ತೇನೆ ಎಂದವರಿಗೆ ನಮಸ್ಕಾರ ಹೇಳಿ ಹೊರಡಿ. ನಾನು ಆ 220 ಲೀಟರ್ ಟ್ಯಾಂಕಿನ ಡ್ರೈನ್ ತೆರೆದದ್ದು ಒಂದೂವರೆ ವರ್ಷದಲ್ಲಿ ಹತ್ತು ಸಲವೂ ಇರಲಿಕ್ಕಿಲ್ಲ. ಹೊಸ ಪಂಪಿಗೆ ಅದನ್ನೇ ಜೋಡಿಸೋಣವೆಂದು ಪರೀಕ್ಷೆಗೆ ಕಳುಹಿಸಿದಾಗ ತಳದ ಬೆಸುಗೆಯ ಪಕ್ಕದಲ್ಲಿ ನೀರು ಜಿನುಗಿತು. ಅದನ್ನು ಗುಜರಿಗೆ ಹಾಕುವ ಮೊದಲು ನಾನೇ ಡ್ರಿಲ್ ಹಿಡಿದು ಎರಡು ದೊಡ್ಡ ತೂತು ಕೊರೆದೆ, ಮತ್ತೆ ಯಾರೂ ಅದಕ್ಕೆ ಬಣ್ಣ ಬಳಿದು ಗಾಳಿ ತುಂಬದಿರಲಿ ಎಂದು.